ಹೇಳುತ್ತೇವೆ ಎಂದಿರಿ, ಹೇಳಲಿಲ್ಲ

ನಮ್ಮೂರ ವಸ್ತುಸಂಗ್ರಹಾಲಯದ ನಿರ್ದೇಶಕರಿಗೆ ಬಹಿರಂಗ ಪತ್ರ



ದಸರಾ ರಜೆಯ ಮಕ್ಕಳ ಶಿಬಿರದ ಬಗ್ಗೆ ನಿಮ್ಮ ಕಚೇರಿಗೆ ಪತ್ರ ಕೊಟ್ಟೆ. ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಫೋನ್ ಮಾಡಿದರೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂಬ ಮಾತು. ಬೇರೆ ದಾರಿ ಕಾಣದೆ ಎಲ್ಲರೆದುರು ಬರೆಯುತ್ತಿದ್ದೇನೆ.

ನಡೆದದ್ದು ಊರಿಗೆಲ್ಲ ಗೊತ್ತು. ಸೆಪ್ಟೆಂಬರ್ 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ಅಧಿಸೂಚನೆ ಹೊರಡಿಸಿತ್ತು. ಹೆದರಿದ್ದ ನಮಗೆ ಪೋಷಕರ ಸಭೆಯಲ್ಲಿ ಧೈರ್ಯ ತುಂಬಿದವರು ನೀವೇ: ಒಂದು ಮಗುವಿಗೆ ಜ್ವರ ಬಂದರೂ ಅಂದೇ ಎಲ್ಲರಿಗೂ ತಿಳಿಸುತ್ತೇವೆ ಎಂದಿರಿ. ಶಿಬಿರದ ಮೊದಲ ವಾರವೇ ಒಬ್ಬ ಹುಡುಗನಿಗೆ ಡೆಂಗಿ ಖಚಿತವಾಯಿತು. ಅವನ ತಂದೆ ನಿಮಗೆ ತಿಳಿಸಿದರು. ನೀವು ನಮಗೆ ತಿಳಿಸಲಿಲ್ಲ. ಆಮೇಲೆ ನನ್ನ ಮಗಳು ಜ್ವರದಿಂದ ಮಲಗಿದಳು.

ಅವಳನ್ನು ಕಚ್ಚಿದ ಸೊಳ್ಳೆ ನಿಮ್ಮಲ್ಲೇ ಹುಟ್ಟಿತೆಂದು ನಾನು ಸಾಧಿಸಲಾರೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮಕ್ಕಳ ಹಗಲೆಲ್ಲ ಕಳೆದದ್ದು ನಿಮ್ಮ ಅಂಗಳದಲ್ಲಿ. ಅಲ್ಲಿ ಸಾಲಾಗಿಟ್ಟ ಹಳೆಯ ಒರಳುಗಳಲ್ಲಿ, ಕಲ್ಲಿನ ಮರಿಗೆಗಳಲ್ಲಿ ಮಳೆನೀರು ನಿಂತಿತ್ತು. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ತೆಗೆದು ಒಳಗೋಡೆ ಉಜ್ಜಿದ್ದರೆ ಆಗುತ್ತಿತ್ತು. ‘ಪ್ರದರ್ಶನದ ವಸ್ತು ಮುಟ್ಟುವಂತಿಲ್ಲ’ ಎಂದರು ನಿಮ್ಮ ಸಿಬ್ಬಂದಿ!

ಅದೂ ಹೋಗಲಿ. ಜ್ವರ ಬಂದಾಗ ವೈದ್ಯರು ಮೊದಲು ಕೇಳಿದ್ದು, ‘ಅಕ್ಕಪಕ್ಕ ಯಾರಿಗಾದರೂ ಡೆಂಗಿ ಇದೆಯೇ?’ ಇಲ್ಲ ಎಂದೆವು. ನೀವು ಹೇಳಿದ್ದರೆ ಇದೆ ಎನ್ನುತ್ತಿದ್ದೆವು, ಅಂದೇ ರಕ್ತಪರೀಕ್ಷೆ ಆಗುತ್ತಿತ್ತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಜ್ವರ ಬಿಟ್ಟಿತೆಂದು ನಾವು ನಿಟ್ಟುಸಿರು ಬಿಟ್ಟ ದಿನ ಅವಳಿಗೆ ಹೊಟ್ಟೆನೋವು, ಬಿಡದ ವಾಂತಿ, ರಾತ್ರಿ ಆಸ್ಪತ್ರೆ. ಈಗ ಚೇತರಿಸಿಕೊಂಡಿದ್ದಾಳೆ, ಅದು ನಿಮ್ಮ ಪುಣ್ಯ.

ಏಕೆ ಹೇಳಲಿಲ್ಲ? ‘ಗಾಬರಿ ಹಬ್ಬಿಸಬಾರದೆಂದು’ ಎಂದರಂತೆ ಶಿಬಿರದ ಸಂಯೋಜಕರು. ಗಾಬರಿ ಯಾರಿಗೆ, ಸ್ವಾಮಿ? ಶುಲ್ಕ ವಾಪಸು ಕೇಳಿಯಾರೆಂಬ ಗಾಬರಿ ನಿಮ್ಮದಲ್ಲವೇ? ಇನ್ನು ತಪಾಸಣೆಯ ಮಾತು: ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದು ಫ್ರಿಜ್ಜಿನ ಹಿಂದಿನ ತಟ್ಟೆಯನ್ನೂ ಇಣುಕಿ ನೋಡುತ್ತಾರೆ. ಲಾರ್ವಾ ಸಿಕ್ಕರೆ ನಗರದ ಮನೆಗೆ 400 ರೂಪಾಯಿ ದಂಡ. ನಿಮ್ಮ ಒರಳುಗಳನ್ನು ಇಣುಕಿದವರು ಯಾರು? ಸರ್ಕಾರಿ ಕಟ್ಟಡಗಳ ತಾರಸಿ, ಪೊಲೀಸ್ ಠಾಣೆಯೆದುರು ಕೊಳೆಯುವ ಜಪ್ತಿ ವಾಹನ, ಅರ್ಧಕ್ಕೆ ನಿಂತ ಕಾಮಗಾರಿಯ ಗುಂಡಿ, ಇವಕ್ಕೆಲ್ಲ ದಂಡ ಹಾಕಿದವರು ಯಾರು? ಕಾನೂನೆಲ್ಲ ನಮ್ಮ ಹೂಕುಂಡಕ್ಕೇ ಏನು?

ಬೇಸಿಗೆ ಶಿಬಿರಕ್ಕೆ ಮೊದಲು ಅಂಗಳದ ಕಲ್ಲುಗಳಲ್ಲಿ ನೀರು ನಿಲ್ಲದಂತೆ ಮಾಡಿ. ಜ್ವರದ ದಾಖಲೆ ಪುಸ್ತಕ ಇಡಿ. ಮಕ್ಕಳ ಹೊಣೆ ಹೊರಲಾಗದಿದ್ದರೆ ಶಿಬಿರವನ್ನೇ ನಿಲ್ಲಿಸಿ. ಮತ್ತು ನನ್ನನ್ನು ಕಚೇರಿಗೆ ಕರೆಸಿ ಕಾಫಿ ಕೊಟ್ಟು ಸಮಾಧಾನ ಮಾಡಬೇಡಿ. ಅಂದೇ ತಿಳಿಸುತ್ತೇವೆ ಎಂದು ಮಾತು ಕೊಟ್ಟದ್ದು ಎಲ್ಲ ಪೋಷಕರಿಗೆ. ಏಕೆ ತಿಳಿಸಲಿಲ್ಲ ಎಂಬುದನ್ನೂ ಅವರೆಲ್ಲರಿಗೆ ಲಿಖಿತವಾಗಿ, ನಿಮ್ಮ ಸಹಿ ಹಾಕಿ ತಿಳಿಸಿ.

ಶಿಬಿರಕ್ಕೆ ಮಗಳನ್ನು ಕಳಿಸಿದ್ದ ಒಬ್ಬ ತಾಯಿ