ಸೆರಗಿನ ತುಂಬ ಗಂಟು

ರಾತ್ರಿ ಹತ್ತೂಕಾಲು ಗಂಟೆ. ನಗರದ ಒಂದು ಸಾಧಾರಣ ಮನೆ. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ, ಅವರ ಪತ್ನಿ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ, ಮಗಳು ಪಿ.ಯು.ಸಿ. ಮುಗಿಸಿ ಮುಂದಿನ ಓದಿಗೆ ಕಾಲೇಜನ್ನು ಅರಸುತ್ತಿರುವವಳು. ಹಿರಿಯರೆಂದರೆ ಯಜಮಾನರ ತಾಯಿ. ಊಟ ಮುಗಿದು, ಅಡಿಗೆಮನೆಯ ದೀಪ ಆರಿ, ಎಲ್ಲರೂ ಮಲಗುವ ಸಿದ್ಧತೆಯಲ್ಲಿದ್ದಾಗ ಮಗಳಿಗೆ ಗೆಳತಿಯಿಂದ ಫೋನು ಬಂದಿತು.

“ಅರ್ಜಿ ಕಳಿಸಿಯಾಯಿತೇನೇ? ಇವತ್ತು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ.”

ಮಗಳ ಮುಖ ಬಿಳಿಚಿಕೊಂಡಿತು. ಅರ್ಜಿಯನ್ನು ಕಳಿಸಿರಲಿಲ್ಲ, ಆದರೆ ಅದನ್ನು ಮರೆತೇನೆಂಬ ಭಯವೂ ಅವಳಿಗೆ ಇರಲಿಲ್ಲ. ಹದಿನೆಂಟು ದಿನಗಳ ಹಿಂದೆಯೇ ಆ ಪುಟವನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದು, ಅರ್ಧ ತುಂಬಿ, ಅಂಕಪಟ್ಟಿ ಕೈಗೆ ಬಂದ ಮೇಲೆ ಉಳಿದುದನ್ನು ತುಂಬಿದರಾಯಿತು ಎಂದು ಹಾಗೆಯೇ ಬಿಟ್ಟಿದ್ದಳು. ಕಣ್ಣೆದುರಿಗೇ ಇರುವುದು ಎಲ್ಲಿಗೆ ಹೋದೀತು?

ಕಂಪ್ಯೂಟರಿನ ಮುಂದೆ ಕುಳಿತಾಗ ನಿಜಸ್ಥಿತಿ ತಿಳಿಯಿತು. ಬ್ರೌಸರಿನಲ್ಲಿ ತೆರೆದಿದ್ದ ಟ್ಯಾಬುಗಳು ಎಪ್ಪತ್ತಮೂರು. ತಾಯಿಯ ಪ್ರಶ್ನೆಪತ್ರಿಕೆಗಳು, ತಂದೆಯ ವಿಮೆಯ ಕಾಗದಗಳು, ಠೇವಣಿಯ ಬಡ್ಡಿದರ, ಬಿಸಿಬೇಳೆಬಾತಿನ ಪುಡಿಯ ಮೂರು ವಿಧಾನ, ಮಂಡಿನೋವಿನ ವ್ಯಾಯಾಮ, ಅರ್ಧ ಓದಿದ ಲೇಖನಗಳು, ಎಲ್ಲವೂ ಒಂದರ ಪಕ್ಕ ಒಂದು ಇಕ್ಕಟ್ಟಾಗಿ ನಿಂತಿದ್ದವು. ಹೆಸರು ಓದಲು ಸ್ಥಳವೇ ಇಲ್ಲದಂತೆ ಪ್ರತಿ ಟ್ಯಾಬೂ ಉಗುರಿನಗಲಕ್ಕೆ ಕುಗ್ಗಿತ್ತು.

“ಅಪ್ಪಾ, ನಿಮ್ಮ ರೈಲಿನ ಪುಟಗಳೇ ಹನ್ನೆರಡು ಇವೆ. ಮುಚ್ಚಲೇ?”

“ಬೇಡ ಮರಿ, ಅವು ಬೇಕು.”

“ನನ್ನದನ್ನೂ ಮುಟ್ಟಬೇಡ. ಹತ್ತನೆಯ ತರಗತಿಯ ಪರೀಕ್ಷೆಗೆ ಬೇಕಾದುದೆಲ್ಲ ಅದರಲ್ಲಿದೆ,” ಎಂದರು ತಾಯಿ.

ಒಂದೊಂದನ್ನೇ ಒತ್ತಿ ನೋಡುತ್ತ ಅರ್ಜಿಯ ಪುಟ ಸಿಕ್ಕುವಾಗ ಹನ್ನೊಂದು ಗಂಟೆಯಾಗಿತ್ತು. ಸಿಕ್ಕಿದ್ದೂ ಪ್ರಯೋಜನಕ್ಕೆ ಬರಲಿಲ್ಲ. ಅವಧಿ ಮೀರಿದೆ, ಮತ್ತೆ ಪ್ರವೇಶಿಸಿರಿ ಎಂಬ ಒಂದು ಸಾಲು ಮಾತ್ರ ಅಲ್ಲಿತ್ತು. ಅರ್ಧ ತುಂಬಿದ್ದೆಲ್ಲ ಅಳಿಸಿಹೋಗಿತ್ತು. ತಂದೆ ಅಂಕಪಟ್ಟಿಯನ್ನು ಓದಿ ಹೇಳಿದರು, ತಾಯಿ ಭಾವಚಿತ್ರ ಹುಡುಕಿಕೊಟ್ಟರು, ಮಗಳು ನಡುಗುವ ಬೆರಳುಗಳಿಂದ ಮೊದಲಿನಿಂದ ತುಂಬಿದಳು. ಹನ್ನೊಂದು ನಲವತ್ತಕ್ಕೆ ಅರ್ಜಿ ಹೋಯಿತು. ಇಪ್ಪತ್ತು ನಿಮಿಷ ತಡವಾಗಿದ್ದರೆ ಆ ಹುಡುಗಿಗೆ ಒಂದು ವರ್ಷ ನಷ್ಟ.

ಇಂಥ ಮನೆಗಳು ಇಂದು ಅಪರೂಪವಲ್ಲ. ಆದುದರಿಂದ ಈ ತೊಡಕು ಎಲ್ಲಿಂದ ಬಂದಿತು, ಇದನ್ನು ಬಿಡಿಸುವುದು ಹೇಗೆ ಎಂಬುದನ್ನು ನೋಡುವುದು ಉಚಿತ.

ಒಂದು ಕಿಟಕಿ, ನೂರು ಪುಟ

ಕಚೇರಿಯ ಕಡತಗಳ ಅಂಚಿನಲ್ಲಿ ಹೆಸರು ಬರೆಯಲೆಂದು ಸ್ವಲ್ಪ ಹೊರಕ್ಕೆ ಚಾಚಿರುವ ರಟ್ಟಿನ ಚೂರನ್ನು ಎಲ್ಲರೂ ಕಂಡಿರುವರು. ಟ್ಯಾಬ್ ಎಂಬ ಹೆಸರು ಅದರದೇ. 1993ರಲ್ಲಿ ಬಂದ ಮೊಸಾಯಿಕ್ ಬ್ರೌಸರಿನ ಕಾಲದಲ್ಲಿ ಒಂದು ಕಿಟಕಿಗೆ ಒಂದೇ ಪುಟ. ಎರಡನೆಯ ಪುಟ ಬೇಕಾದರೆ ಎರಡನೆಯ ಕಿಟಕಿಯನ್ನೇ ತೆರೆಯಬೇಕಾಗಿತ್ತು. ಹತ್ತು ಕಿಟಕಿಗಳಾದರೆ ಯಾವುದು ಯಾವುದರ ಹಿಂದೆ ಅಡಗಿದೆಯೆಂದು ತಿಳಿಯುತ್ತಿರಲಿಲ್ಲ. ಒಂದೇ ಕಿಟಕಿಯಲ್ಲಿ ಅನೇಕ ಪುಟಗಳನ್ನು ಸಾಲಾಗಿ ನಿಲ್ಲಿಸುವ ಯತ್ನಗಳು ಆ ದಶಕದಲ್ಲಿಯೇ ಆರಂಭವಾದವು. ಮೊಜಿಲ್ಲಾ ಬ್ರೌಸರಿಗೆ ಟ್ಯಾಬುಗಳು ಬಂದುದು 2001ರಲ್ಲಿ. 2003ರಲ್ಲಿ ಸಫಾರಿ, 2004ರಲ್ಲಿ ಫೈರ್‌ಫಾಕ್ಸ್ ಅವನ್ನು ಮನೆಮನೆಗೆ ಒಯ್ದವು. ಬಹುಜನರು ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 2006ರಲ್ಲಿ ಅದೇ ಹಾದಿ ಹಿಡಿಯಿತು.

ಹೀಗೆ, ಗೊಂದಲವನ್ನು ಕಡಿಮೆ ಮಾಡಲೆಂದು ಹುಟ್ಟಿದ ಉಪಾಯವೇ ಕಾಲಕ್ರಮದಲ್ಲಿ ಗೊಂದಲದ ಮೂಲವಾಯಿತು. ಫೋನಿನಲ್ಲಂತೂ ಟ್ಯಾಬುಗಳು ಸಾಲಾಗಿಯೂ ಕಾಣುವುದಿಲ್ಲ. ಮೂಲೆಯ ಚೌಕದಲ್ಲಿ ಒಂದು ಸಂಖ್ಯೆ ಮಾತ್ರ. ಆಂಡ್ರಾಯಿಡ್ ಫೋನಿನ ಕ್ರೋಮ್ ಬ್ರೌಸರಿನಲ್ಲಿ ಆ ಸಂಖ್ಯೆ ತೊಂಬತ್ತೊಂಬತ್ತನ್ನು ದಾಟಿದರೆ ಎಣಿಕೆ ನಿಂತು, ಬಾಯಿ ತೆರೆದು ನಗುವ ಮುಖದ ಗುರುತೊಂದು ಕಾಣಿಸಿಕೊಳ್ಳುತ್ತದೆ. ಯಂತ್ರವೂ ಲೆಕ್ಕವಿಡುವುದನ್ನು ಬಿಟ್ಟು ನಗತೊಡಗಿದರೆ ಮನುಷ್ಯನ ಗತಿಯೇನು?

ಏಕೆ ಮುಚ್ಚುವುದಿಲ್ಲ?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ರಶ್ನೆಯನ್ನು ಅನೇಕರಿಗೆ ಕೇಳಿ, ಉತ್ತರಗಳನ್ನು 2021ರಲ್ಲಿ ಪ್ರಕಟಿಸಿದರು. ಟ್ಯಾಬುಗಳು ಹೆಚ್ಚಾದುವೆಂಬ ಸಂಕಟ ಬಹುಮಂದಿಗೆ ಇತ್ತು. ಬೇರೆಯವರು ನೋಡಿದರೆ ನಾಚಿಕೆಯೆಂದು ಹೇಳಿದವರೂ ಇದ್ದರು. ಒಂದು ಗುಂಪಿನಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಜನ ಟ್ಯಾಬುಗಳ ಭಾರದಿಂದ ತಮ್ಮ ಬ್ರೌಸರೋ ಕಂಪ್ಯೂಟರೋ ಕೆಟ್ಟು ನಿಂತುದುಂಟೆಂದರು. ಆದರೂ ಮುಚ್ಚಲು ಮನಸ್ಸು ಬಾರದು. ಒಮ್ಮೆ ಕಣ್ಮರೆಯಾದುದು ಮತ್ತೆ ಎಂದಿಗೂ ನೆನಪಿಗೆ ಬಾರದೆಂಬ ಅಂಜಿಕೆಯೇ ಇದಕ್ಕೆ ಒಂದು ಮುಖ್ಯ ಕಾರಣ.

ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ಪೇಟೆಯಿಂದ ಏನಾದರೂ ತರುವುದಿದ್ದರೆ, ಯಾರಿಗಾದರೂ ಏನಾದರೂ ಹೇಳುವುದಿದ್ದರೆ, ಮರೆಯಬಾರದೆಂದು ಅವರು ಸೆರಗಿನ ತುದಿಗೆ ಒಂದು ಗಂಟು ಹಾಕುವರು. ಗಂಟು ಕೈಗೆ ಸೋಕಿದೊಡನೆ ವಿಷಯ ನೆನಪಾಗುವುದು. ಕೆಲಸ ಮುಗಿದೊಡನೆ ಗಂಟು ಬಿಚ್ಚಿಹೋಗುವುದು. ಆದರೆ ಬಿಚ್ಚದೆ ಗಂಟಿನ ಮೇಲೆ ಗಂಟು ಹಾಕುತ್ತ ಹೋದರೆ? ಸೆರಗಿನ ತುಂಬ ಗಂಟಾದ ಮೇಲೆ ಯಾವ ಗಂಟು ಯಾತಕ್ಕೆಂದು ಹಾಕಿದವರಿಗೇ ತಿಳಿಯದು. ತೆರೆದಿಟ್ಟ ಟ್ಯಾಬೂ ಇಂಥ ಒಂದು ಗಂಟು. ಒಂದೆರಡು ಇದ್ದರೆ ನೆನಪು, ಎಪ್ಪತ್ತಾದರೆ ಮರೆವು.

ಇನ್ನೊಂದು ಮೋಸವೂ ಇದರಲ್ಲಿದೆ. ತೆರೆದ ಪುಟ ಆರಂಭವಾದ ಕೆಲಸದಂತೆ ತೋರುತ್ತದೆ. ಅದನ್ನು ದಿನವೂ ನೋಡುತ್ತಿದ್ದರೆ, ಕೆಲಸ ಎಲ್ಲಿಯೋ ನಡೆಯುತ್ತಿದೆಯೆಂಬ ಸಮಾಧಾನ ಹುಟ್ಟುತ್ತದೆ. ಹದಿನೆಂಟು ದಿನ ಆ ಹುಡುಗಿಯನ್ನು ನಿಶ್ಚಿಂತೆಯಿಂದಿರಿಸಿದ್ದು ಈ ಸಮಾಧಾನವೇ.

ಯಂತ್ರದ ಪಾಡು

ತೆರೆದ ಪ್ರತಿಯೊಂದು ಪುಟವೂ ಕಂಪ್ಯೂಟರಿನ ಸ್ಮರಣಕೋಶದಲ್ಲಿ ಜಾಗ ಹಿಡಿಯುತ್ತದೆ. ಚಿತ್ರ, ಚಲನಚಿತ್ರ, ಜಾಹೀರಾತು ತುಂಬಿದ ಪುಟವಾದರೆ ಹೆಚ್ಚು. ಬರಿಯ ಅಕ್ಷರಗಳ ಪುಟವಾದರೆ ಕಡಿಮೆ. 2008ರಲ್ಲಿ ಬಂದ ಕ್ರೋಮ್ ಬ್ರೌಸರು ಬಹುಮಟ್ಟಿಗೆ ಪ್ರತಿ ಟ್ಯಾಬನ್ನೂ ಬೇರೆ ಬೇರೆ ಒಲೆಯ ಮೇಲಿಟ್ಟ ಪಾತ್ರೆಯಂತೆ ನಡೆಸುತ್ತದೆ. ಒಂದು ಉಕ್ಕಿದರೆ ಉಳಿದವು ಕೆಡುವುದಿಲ್ಲ. ಆದರೆ ಸೌದೆ ಹೆಚ್ಚು ಬೇಕು. ಈ ಖರ್ಚನ್ನು ಇಳಿಸಲೆಂದು, ಬಹಳ ಹೊತ್ತು ನೋಡದ ಟ್ಯಾಬುಗಳನ್ನು ಮಲಗಿಸುವ ಏರ್ಪಾಟು ಕ್ರೋಮ್‌ನಲ್ಲಿ 2022ರ ಕೊನೆಯಲ್ಲಿ ಬಂದಿತು. ಮಲಗಿದ ಟ್ಯಾಬಿನ ಹೆಸರು ಸಾಲಿನಲ್ಲಿಯೇ ಇರುತ್ತದೆ. ಒತ್ತಿದೊಡನೆ ಪುಟವನ್ನು ಮತ್ತೆ ತರಿಸಿಕೊಳ್ಳುತ್ತದೆ.

ಆದರೆ ಒಂದು ವಿಷಯವನ್ನು ಮರೆಯಬಾರದು. ಬ್ಯಾಂಕು, ಅರ್ಜಿ, ಟಿಕೆಟ್ಟು ಮುಂತಾದ ಕಡೆಗಳಲ್ಲಿ ಕಾಲದ ಮಿತಿಯನ್ನು ನಿಶ್ಚಯಿಸುವುದು ಆ ದೂರದ ಕಚೇರಿಯ ಯಂತ್ರ, ಮನೆಯ ಯಂತ್ರವಲ್ಲ. ಕೆಲವು ನಿಮಿಷ ಏನನ್ನೂ ಮಾಡದಿದ್ದರೆ ಅಲ್ಲಿ ಬಾಗಿಲು ಹಾಕಿಬಿಡುವರು. ಇಲ್ಲಿ ಪುಟ ತೆರೆದೇ ಇದ್ದರೂ ಅದು ಹಾಕಿದ ಬಾಗಿಲಿನ ಚಿತ್ರ ಮಾತ್ರ.

ಮೂರು ಪಾಲು

ಶುದ್ಧಿಕಾರ್ಯಕ್ಕೆ ಮೊದಲು ಭಯವನ್ನು ಕಳೆಯಬೇಕು. ಅಕಸ್ಮಾತ್ ಮುಚ್ಚಿದ ಟ್ಯಾಬನ್ನು ಕಂಟ್ರೋಲ್, ಶಿಫ್ಟ್, ‘ಟಿ’ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಮರಳಿ ಪಡೆಯಬಹುದು. ನೋಡಿದ ಪುಟಗಳ ಚರಿತ್ರೆಯೂ ಬ್ರೌಸರಿನಲ್ಲಿ ಉಳಿದಿರುತ್ತದೆ. ಕ್ರೋಮ್‌ನಲ್ಲಿ ಸುಮಾರು 90 ದಿನಗಳವರೆಗೆ. ಗುಪ್ತ ಕಿಟಕಿಯಲ್ಲಿ ನೋಡಿದುದಕ್ಕೆ ಮಾತ್ರ ಈ ಸೌಕರ್ಯವಿಲ್ಲ. ಇಷ್ಟಕ್ಕೂ ಧೈರ್ಯ ಬಾರದವರು ಕಂಟ್ರೋಲ್, ಶಿಫ್ಟ್, ‘ಡಿ’ ಒತ್ತಿ, ತೆರೆದ ಟ್ಯಾಬುಗಳೆಲ್ಲವನ್ನೂ ಅಂದಿನ ತಾರೀಖಿನ ಹೆಸರಿನ ಒಂದೇ ಬುಕ್‌ಮಾರ್ಕ್ ಕಡತಕ್ಕೆ ಸೇರಿಸಿಬಿಡಬಹುದು. ಆ ಮೇಲೆ ಏನನ್ನು ಮುಚ್ಚಿದರೂ ಕಳೆದುಹೋಗುವ ಮಾತಿಲ್ಲ.

ಅನಂತರ ಟ್ಯಾಬುಗಳನ್ನು ಮೂರು ಪಾಲು ಮಾಡಬೇಕು.

ಮೊದಲನೆಯದು, ಗಡುವು ಇರುವುದು. ಅರ್ಜಿ, ಶುಲ್ಕ, ತೆರಿಗೆ, ವಿಮೆಯ ಕಂತು ಈ ಪಾಲಿನವು. ಇವುಗಳ ಸ್ಥಾನ ಬ್ರೌಸರಿನಲ್ಲಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿದೆ. ಕೊನೆಯ ದಿನವನ್ನಲ್ಲ, ಅದಕ್ಕೆ ಐದು ದಿನ ಮುಂಚಿನ ದಿನವನ್ನು ಅಲ್ಲಿ ಗುರುತು ಮಾಡಬೇಕು. ಫೋನಿನ ಕ್ಯಾಲೆಂಡರಿನಲ್ಲಿ ಬರೆದರೆ ಗಂಟೆಯೂ ಬಾರಿಸುವುದು.

ಎರಡನೆಯದು, ಓದಬೇಕೆಂದು ಇಟ್ಟುದು. ಇದಕ್ಕೆ ಬುಕ್‌ಮಾರ್ಕಿನ ಒಂದು ಕಡತ ಸಾಕು. ತಿಂಗಳು ಕಳೆದರೂ ಓದದಿದ್ದುದನ್ನು ಇನ್ನು ಓದುವುದಿಲ್ಲವೆಂದು ಒಪ್ಪಿಕೊಳ್ಳುವುದೇ ಲೇಸು.

ಮೂರನೆಯದು, ಜೋಪಾನ ಮಾಡಬೇಕಾದುದು. ರಸೀತಿ, ಪ್ರಮಾಣಪತ್ರ, ವೈದ್ಯರ ವರದಿ ಇವನ್ನು ಟ್ಯಾಬಿನಲ್ಲಾಗಲಿ ಬುಕ್‌ಮಾರ್ಕಿನಲ್ಲಾಗಲಿ ನಂಬಿ ಬಿಡಬಾರದು; ಪಿ.ಡಿ.ಎಫ್. ಆಗಿ ಇಳಿಸಿಕೊಳ್ಳಬೇಕು.

ಈ ಮೂರಕ್ಕೂ ಸೇರದೆ ಉಳಿಯುವುದು ಇಂದಿನ ಕೆಲಸ. ಅದನ್ನು ಮಾತ್ರ ತೆರೆದಿಡಬಹುದು. ಒಂದೇ ವಿಷಯದ ಪುಟಗಳನ್ನು ಬಣ್ಣ ಹಾಗೂ ಹೆಸರು ಕೊಟ್ಟು ಒಂದು ಗುಂಪಾಗಿ ಮಡಚಿಡುವ ಅನುಕೂಲ ಕ್ರೋಮ್‌ನಲ್ಲಿ 2020ರಿಂದಲೂ ಫೈರ್‌ಫಾಕ್ಸ್‌ನಲ್ಲಿ 2025ರಿಂದಲೂ ಇದೆ. ಪುಟ ಸಿಕ್ಕದಿದ್ದರೆ, ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ‘ಎ’ ಒತ್ತಿ ಹೆಸರಿನ ಒಂದು ತುಂಡನ್ನು ಬರೆದರೆ ಸಾಕು, ತೆರೆದ ಟ್ಯಾಬುಗಳಲ್ಲಿ ಬೇಕಾದುದು ಮುಂದೆ ಬರುತ್ತದೆ. ಆ ರಾತ್ರಿ ಈ ಒಂದು ವಿಷಯ ತಿಳಿದಿದ್ದರೆ ಮುಕ್ಕಾಲು ಗಂಟೆಯ ಹುಡುಕಾಟ ತಪ್ಪುತ್ತಿತ್ತು.

ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಲಹೆ ಇನ್ನೊಂದಿದೆ. ಬ್ರೌಸರಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರೊಫೈಲ್ ಮಾಡಿಕೊಡಬಹುದು. ಅವರವರ ಟ್ಯಾಬು, ಬುಕ್‌ಮಾರ್ಕು, ಗುಪ್ತಪದಗಳು ಅವರವರ ಪಾಲಿಗೆ ಉಳಿಯುವುವು. ಬ್ಯಾಂಕಿನ ಪುಟವನ್ನಂತೂ ಬರಿದೆ ಮುಚ್ಚಿದರೆ ಸಾಲದು. ನಿರ್ಗಮನದ ಗುಂಡಿಯನ್ನು ಒತ್ತಿಯೇ ಹೊರಬರಬೇಕು.

ಅಟ್ಟಕ್ಕೆ ಏರಿದ್ದು

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ನಡುಮನೆಯ ಸಾಮಾನನ್ನು ಅಟ್ಟಕ್ಕೆ ಏರಿಸಿದರೆ ಮನೆ ಚೊಕ್ಕಟವಾದೀತೆ? ಬುಕ್‌ಮಾರ್ಕೂ ಒಂದು ಅಟ್ಟವೇ ಅಲ್ಲವೆ? ಆಕ್ಷೇಪಣೆ ಸಾಧುವಾದುದು. ಬಾಡಿಗೆಯ ಅಟ್ಟವನ್ನು ನಂಬುವುದೂ ಕಷ್ಟ. ಮುಂದೆ ಓದುವ ಲೇಖನಗಳನ್ನು ಕೂಡಿಡಲೆಂದು 2007ರಲ್ಲಿ ಹುಟ್ಟಿ, ಅನಂತರ ಪಾಕೆಟ್ ಎಂದು ಹೆಸರಾದ ಸೌಲಭ್ಯವು 2025ರ ಜುಲೈನಲ್ಲಿ ಮುಚ್ಚಿಹೋಯಿತು. ಟ್ಯಾಬುಗಳನ್ನು ಗುಂಪುಗೂಡಿಸುವ ಪನೋರಮ ಎಂಬ ಏರ್ಪಾಟು 2011ರಲ್ಲಿ ಫೈರ್‌ಫಾಕ್ಸ್‌ಗೆ ಬಂದು, 2016ರಲ್ಲಿ ತೆಗೆದುಹಾಕಲ್ಪಟ್ಟಿತು. ಸಾಧನಗಳು ಬರುವುವು, ಹೋಗುವುವು. ವಾರಕ್ಕೊಮ್ಮೆ ಕುಳಿತು, ಇದು ಬೇಕೆ, ಎಂದು ಬೇಕು ಎಂದು ಕೇಳಿಕೊಳ್ಳುವ ಅಭ್ಯಾಸಕ್ಕೆ ಬದಲಿ ಯಾವುದೂ ಇಲ್ಲ.

ಆ ಮನೆಯಲ್ಲಿ ಮುಂದಿನ ಭಾನುವಾರ ಬೆಳಗ್ಗೆ ಈ ಕಾರ್ಯ ನಡೆಯಿತು. ಕಾಫಿ ಕುಡಿಯುತ್ತ ಮೂವರೂ ಕಂಪ್ಯೂಟರಿನ ಮುಂದೆ ಕುಳಿತರು. ಪ್ರಶ್ನೆಪತ್ರಿಕೆಗಳು ಒಂದು ಕಡತಕ್ಕೆ ಸೇರಿದವು. ವಿಮೆಯ ಕಂತು ಕ್ಯಾಲೆಂಡರಿಗೆ ಏರಿತು. ಬಿಸಿಬೇಳೆಬಾತಿನ ಮೂರು ವಿಧಾನಗಳಲ್ಲಿ ಎರಡನ್ನು ತಾಯಿ ತಾವಾಗಿಯೇ ಮುಚ್ಚಿದರು. ಕೊನೆಗೆ ಉಳಿದವು ತಂದೆಯ ಹನ್ನೆರಡು ಪುಟಗಳು: ಕಾಶಿಗೆ ಹೋಗುವ ರೈಲುಗಳು, ಅಲ್ಲಿಯ ಛತ್ರಗಳು, ವೃದ್ಧರಿಗೆ ಅನುಕೂಲವಾದ ಘಟ್ಟಗಳು.

“ಅಪ್ಪಾ, ಇವು ಯಾವ ಪಾಲು?”

ಯಜಮಾನರು ಉತ್ತರ ಕೊಡಲಿಲ್ಲ. ತಾಯಿ ಕಾಶಿಯಾತ್ರೆಯ ಮಾತೆತ್ತಿ ಮೂರು ವರ್ಷವಾಗಿತ್ತು. ಕೇಳಿದಾಗಲೆಲ್ಲ, “ನೋಡ್ತಾ ಇದೀನಮ್ಮ,” ಎನ್ನುತ್ತಿದ್ದರು. ಅದು ಸುಳ್ಳಲ್ಲ, ಪುಟಗಳು ತೆರೆದೇ ಇದ್ದವು. ನಡುಮನೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ಈಚೆಗೆ ಕೇಳುವುದನ್ನೇ ನಿಲ್ಲಿಸಿದ್ದರು.

ರೈಲಿನ ಟಿಕೆಟ್ಟನ್ನು 2024ರ ನವೆಂಬರಿನಿಂದ 60 ದಿನ ಮುಂಚಿತವಾಗಿ ಮಾತ್ರ ಕಾದಿರಿಸಬಹುದಾಗಿದೆ. ಯಜಮಾನರು ಎದ್ದು ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಪ್ರಯಾಣದ ದಿನವೊಂದನ್ನು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಒಂದು ತಾರೀಖಿನ ಸುತ್ತ ಕೆಂಪು ಶಾಯಿಯಲ್ಲಿ ಗೆರೆಯೆಳೆದರು. ಪಕ್ಕದಲ್ಲಿ ‘ಬೆಳಗ್ಗೆ 8 ಗಂಟೆ’ ಎಂದು ಬರೆದರು. ಅನಂತರ ಹನ್ನೆರಡು ಪುಟಗಳನ್ನೂ ಒಂದೊಂದಾಗಿ ಮುಚ್ಚಿ, ನಡುಮನೆಗೆ ಹೋಗಿ, ತಾಯಿಯ ಎದುರು ಕುಳಿತರು.