ಮುಂದೇನಾಯ್ತು?

ಏಪ್ರಿಲ್ ಕೊನೇ ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಸಾಗರದ ಹತ್ತಿರ ಒಂದು ಹಳ್ಳಿ. ಮನೇಲಿ ಹಲಸಿನಕಾಯಿ ಹಪ್ಪಳದ ಗಡಿಬಿಡಿ. ಅಮ್ಮ, ಅಕ್ಕ ಹಪ್ಪಳ ಮಾಡಿ ಅಂಗಳದಲ್ಲಿ ಒಣಹಾಕೋದು, ನಾನೂ ಅಕ್ಕನ ಎಂಟು ವರ್ಷದ ಮಗನೂ ಕೂತು ಕಾಗೆ ಕಾಯೋದು. ಲ್ಯಾಪ್‌ಟಾಪ್ ಬೆಂಗಳೂರಲ್ಲೇ ಬಿಟ್ಟಿದ್ದೆ. ಮಧ್ಯಾಹ್ನ ಆದ್ರೆ ಕರೆಂಟಿಲ್ಲ, ಕರೆಂಟು ಹೋಯ್ತು ಅಂದ್ರೆ ನೆಟ್‌ವರ್ಕೂ ಇಲ್ಲ!

ಹುಡುಗನ ಕೈಲಿ ಶಾಲೆಯವರು ಕೊಟ್ಟ ಹಾಳೆ ಇತ್ತು. ರಜೆಯಲ್ಲಿ ಹತ್ತು ಪುಸ್ತಕ ಓದಬೇಕು, ಪ್ರತಿಯೊಂದರದ್ದೂ ಪಾತ್ರಗಳು, ಸಾರಾಂಶ, ಕಲಿತ ನೀತಿ ಬರೀಬೇಕು. ಕೆಳಗೆ ಅಪ್ಪ ಅಮ್ಮನ ಸಹಿ ಬೇರೆ. "ಮಾಮಾ, ಸಾರಾಂಶ ಬರೀದೇ ಇರೋ ಪುಸ್ತಕ ಯಾವ್ದಾದ್ರೂ ಇದ್ಯಾ?" ಅಂತ ಕೇಳಿದ. ನಗು ಬಂತು. ಆಮೇಲೆ ಸುಮ್ಮನಾದೆ. ನಾನು ಓದ್ತಿರೋದೂ ಹಾಗೇ ಅಲ್ವಾ...

ನಾಲ್ಕು ವರ್ಷದಿಂದ ಜನವರಿ ಒಂದನೇ ತಾರೀಖು ಟಾರ್ಗೆಟ್ ಹಾಕ್ಕೊಳ್ತಾ ಬಂದಿದ್ದೀನಿ, ವರ್ಷಕ್ಕೆ 24 ಪುಸ್ತಕ ಅಂತ. ಡಿಸೆಂಬರ್ ಬಂದ್ರೆ ಅಂಗಡೀಲಿ ತೆಳ್ಳಗಿರೋ ಪುಸ್ತಕಗಳನ್ನೇ ಹುಡುಕೋದು, ಲೆಕ್ಕ ತುಂಬಬೇಕಲ್ಲ! ಭೈರಪ್ಪನವರ 'ಪರ್ವ' ಎರಡು ವರ್ಷದಿಂದ ಕಪಾಟಲ್ಲಿದೆ. ಅಷ್ಟು ದಪ್ಪ ಪುಸ್ತಕ ಓದಿದ್ರೂ ಲೆಕ್ಕಕ್ಕೆ ಒಂದೇ ಅಂತ ಮುಟ್ಟಿರಲಿಲ್ಲ. ಓದಿದ್ದೆಲ್ಲ ಇಂಟರ್‌ವ್ಯೂಗೆ, ಪ್ರಮೋಷನ್‌ಗೆ, ಇಲ್ಲಾ ನನ್ನನ್ನ ನಾನು ತಿದ್ದಿಕೊಳ್ಳೋಕೆ. ಆಫೀಸಲ್ಲಿ ಟಿಕೆಟ್ ಕ್ಲೋಸ್ ಮಾಡೋ ಹಾಗೆ ಪುಸ್ತಕಾನೂ ಕ್ಲೋಸ್ ಮಾಡ್ತಿದ್ದೆ. ಹೋದ ವರ್ಷ ಓದಿದ್ದರಲ್ಲಿ ಏನಿತ್ತು ಅಂತ ಕೇಳಿದ್ರೆ ಈಗ ಒಂದೂ ನೆನಪಿಲ್ಲ.

ಆ ಮಧ್ಯಾಹ್ನ ಅಟ್ಟದಿಂದ ಅಜ್ಜನ ಟ್ರಂಕು ಇಳಿಸಿದೆ. ಮೇಲುಗಡೆ ನನ್ನವೇ ಹಳೇ ಬಾಲಮಂಗಳಗಳಿದ್ವು. ಡಿಂಗನನ್ನ ಹುಡುಗನಿಗೆ ಕೊಟ್ಟೆ. ಅಡೀಲಿ ರಟ್ಟು ಕಿತ್ತುಹೋಗಿ ಹೆಸರೂ ಇಲ್ಲದ ಒಂದು ಪತ್ತೇದಾರಿ ಕಾದಂಬರಿ ಸಿಕ್ತು. ಪತ್ತೇದಾರ ಪುರುಷೋತ್ತಮ ಬಂದ ಕೂಡ್ಲೇ ಇದು ಎನ್. ನರಸಿಂಹಯ್ಯನವರದ್ದು ಅಂತ ಗೊತ್ತಾಯ್ತು. ಒಂದೆರಡು ಪುಟ ನೋಡೋಣ ಅಂತ ಕೂತವನು ತಲೆ ಎತ್ತಿದ್ದು ಸಂಜೆ ಅಮ್ಮ ಬಂದು ಬೈದಾಗಲೇ. ಕಾಗೆಗಳು ಎರಡು ಸಾಲು ಹಪ್ಪಳ ಖಾಲಿ ಮಾಡಿದ್ವು. ಇಬ್ಬರು ಕಾವಲುಗಾರರಿಗೂ ಗೊತ್ತೇ ಆಗಿರಲಿಲ್ಲ :)

ಹೊಟ್ಟೆ ಉರಿಸಿದ್ದು ಅಂದ್ರೆ ಕೊನೇ ಪುಟಗಳನ್ನ ಗೆದ್ದಲು ತಿಂದಿತ್ತು. ಅಪರಾಧಿ ಯಾರು ಅಂತ ನಂಗೆ ಈಗ್ಲೂ ಗೊತ್ತಿಲ್ಲ. ರಾತ್ರಿ ನಿದ್ದೆ ಬರದೆ ಹೊರಳಾಡ್ತಾ ಯೋಚಿಸಿದೆ. 'ಮುಂದೇನಾಯ್ತು' ಅಂತ ಹಿಂದೆ ಯಾವಾಗ ಇಷ್ಟು ಚಡಪಡಿಸಿದ್ದೆ? ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ, ತೇಜಸ್ವಿಯವರ 'ಜುಗಾರಿ ಕ್ರಾಸ್' ಓದುವಾಗ. ಆಮೇಲೆ ಪಿಯುಸಿ, ಸಿಇಟಿ, ಇಂಜಿನಿಯರಿಂಗು, ಕೆಲಸ. ಹನ್ನೆರಡು ವರ್ಷ ಓದೋದನ್ನ ಬಿಟ್ಟಿರಲಿಲ್ಲ, ಆದ್ರೆ ಮುಂದಿನ ಪುಟದಲ್ಲಿ ಏನಿದೆ ಅನ್ನೋ ಆಸೆ ಹೋಗಿತ್ತು.

ಇಂಥ ಓದನ್ನ ಟೈಂಪಾಸ್ ಅಂತ ತಳ್ಳಿಹಾಕೋರು ಬಹಳ ಜನ. ನಾನೂ ಹಾಗೇ ಅಂತಿದ್ದೆ. ಆದ್ರೆ ಕನ್ನಡಕ್ಕೆ ಓದುಗರನ್ನ ಮಾಡಿಕೊಟ್ಟಿದ್ದು ಯಾರು ಸ್ವಾಮೀ? ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನ ತಲೆ ಮೇಲೆ ಹೊತ್ತು ಊರೂರು ಅಲೆದು ಮಾರಿದ್ರು. ಜನ ಕೊಂಡಿದ್ದು ಕತೆಯ ಆಸೆಗೆ, ಪರೀಕ್ಷೆಗಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನರಸಿಂಹಯ್ಯನವರು 2011ರಲ್ಲಿ ತೀರಿಕೊಳ್ಳೋ ಹೊತ್ತಿಗೆ 500ಕ್ಕೂ ಹೆಚ್ಚು ಕಾದಂಬರಿ ಬರೆದಿದ್ರು. ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಅವು ಕೈಯಿಂದ ಕೈಗೆ ಓಡಾಡಿ ಹರಿದುಹೋದ್ವು. ಕನ್ನಡದ ಕಡೆ ತಿರುಗಿಯೂ ನೋಡದಿದ್ದ ಬೀಚಿಯವರನ್ನ ಕನ್ನಡಕ್ಕೆ ಎಳೆದದ್ದು ಅನಕೃ ಅವರ 'ಸಂಧ್ಯಾರಾಗ'. ಇವರಿಗೆಲ್ಲ ಯಾರು ಹೋಂವರ್ಕ್ ಕೊಟ್ಟಿದ್ರು?

ಬರೀ ಪತ್ತೇದಾರಿನೇ ಓದಿ ಅಂತ ನಾನು ಹೇಳ್ತಿಲ್ಲ. ರುಚಿ ಹತ್ತಿದವನು ಒಂದಲ್ಲ ಒಂದು ದಿನ ದಪ್ಪ ಪುಸ್ತಕಕ್ಕೂ ಕೈ ಹಾಕ್ತಾನೆ. ರುಚಿ ಹತ್ತೋ ಮೊದಲೇ ನೀತಿ ಬರೆಸಿದ್ರೆ ಕೈನೋವು ಬರತ್ತೆ ಅಷ್ಟೇ. ಶಾಲೆಯವರ ಉದ್ದೇಶ ಒಳ್ಳೇದೇ ಇರಬಹುದು, ಮಗು ಓದಿದೆಯೋ ಇಲ್ವೋ ಅವರಿಗೂ ತಿಳೀಬೇಕಲ್ಲ. ಅದಕ್ಕೆ ಹಾಳೆ ಯಾಕೆ? ಪುಸ್ತಕ ಅರ್ಧದಲ್ಲಿ ಕಿತ್ತುಕೊಂಡು ನೋಡಿ, ಅತ್ರೆ ಓದ್ತಾ ಇತ್ತು ಅಂತ ಅರ್ಥ.

ಇದನ್ನೇ ಅಕ್ಕನಿಗೆ ಹೇಳಿದೆ. "ನೀನೇ ಅವನನ್ನ ಹಾಳು ಮಾಡೋದು ಕಣೋ. ಜೂನಲ್ಲಿ ಟೀಚರ್ ಕೇಳಿದ್ರೆ ನೀನು ಬಂದು ಉತ್ತರ ಹೇಳ್ತೀಯಾ?" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಕೊನೆಗೆ ಒಂದು ಒಪ್ಪಂದ ಆಯ್ತು. ಹಾಳೆಗೋಸ್ಕರ ಹತ್ತು ಸಣ್ಣ ಪುಸ್ತಕ, ಅದು ಬೆಳಿಗ್ಗೆ. ಮಧ್ಯಾಹ್ನ ಕಾಗೆ ಕಾಯುವಾಗ ಏನು ಬೇಕಾದ್ರೂ ಓದಬಹುದು, ಯಾರೂ ಏನೂ ಕೇಳೋ ಹಾಗಿಲ್ಲ.

ನಾನು ಬಸ್ಸಿಗೆ ಹೊರಟಾಗ ಹುಡುಗ ಬಾಲಮಂಗಳದಲ್ಲಿ ಮುಳುಗಿದ್ದ. ಟಾಟಾ ಮಾಡೋಕೂ ತಲೆ ಎತ್ತಲಿಲ್ಲ.

ಬೆಂಗಳೂರಿಗೆ ಬಂದು ಈ ವರ್ಷದ ಟಾರ್ಗೆಟ್ ಡಿಲೀಟ್ ಮಾಡಿದೆ. 'ಪರ್ವ' ಶುರು ಮಾಡಿದೀನಿ, ಯಾವಾಗ ಮುಗಿಯತ್ತೋ ಗೊತ್ತಿಲ್ಲ, ಮುಗಿಯೋ ಅವಸರಾನೂ ಇಲ್ಲ. ಈ ಶನಿವಾರ ಮಾತ್ರ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಿಗೆ ಹೋಗ್ಬೇಕು. ಹೆಸರೇ ಗೊತ್ತಿಲ್ಲದ ಪುಸ್ತಕ, ಸಿಗೋದು ಕಷ್ಟ. ಆದ್ರೂ ಅಪರಾಧಿ ಯಾರು ಅಂತ ಗೊತ್ತಾಗ್ಲೇಬೇಕಲ್ಲ!