ಸಕ್ಕರೆ ರೋಗಿಯ ಕಾಲನ್ನು ನೋಡುವವರಾರು?

ಹೊಲದಿಂದ ಮನೆಗೆ ಬಂದ ಮೇಲೆಯೇ ಒಂದು ಕಾಲಿನ ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದದ್ದು ತಿಳಿಯಿತೆಂದು ಸಿಂದಗಿ ತಾಲೂಕಿನ ಕೂಲಿಕಾರನೊಬ್ಬ ನಗುತ್ತ ಹೇಳಿದ. ನಮಗೆ ನಗು ಬರಲಿಲ್ಲ. ಅವನಿಗೆ ಬಹುದಿನದ ಸಕ್ಕರೆ ರೋಗ. ತಪ್ಪದೆ ದವಾಖಾನೆಗೆ ಹೋಗುತ್ತಾನೆ, ರಕ್ತ ಕೊಡುತ್ತಾನೆ, ಗುಳಿಗೆ ತರುತ್ತಾನೆ. ಇಷ್ಟು ವರ್ಷದಲ್ಲಿ ಅವನ ಅಂಗಾಲನ್ನು ಒಬ್ಬರೂ ನೋಡಿಲ್ಲ.

ಇದು ಕುಳಿತು ಉಣ್ಣುವವರ ರೋಗವೆಂಬ ಮಾತು ಎಂದೋ ಸುಳ್ಳಾಯಿತು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆಯೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿ ನಿಂತರೆ ನರಗಳು ಕೆಡುತ್ತವೆ. ಅತಿ ಉದ್ದದ ನರ ಮೊದಲು ಕೆಡುವುದರಿಂದ ಪೆಟ್ಟು ಪಾದಕ್ಕೆ. ಕೆಲವರಿಗೆ ರಾತ್ರಿಯೆಲ್ಲ ಉರಿ, ಇರುವೆ ಹರಿದಂತೆ ಜುಮುಜುಮು. ಉರಿ ಇದ್ದವನು ಹೇಗೂ ಡಾಕ್ಟರರ ಬಳಿ ಓಡುತ್ತಾನೆ. ನಮ್ಮ ಚಿಂತೆ ಏನೂ ತಿಳಿಯದವನದು. ಇಂಡಿಯ ಜಾಲಿ ಮುಳ್ಳಾಗಲಿ, ಬಾಗೇವಾಡಿಯ ಎರೆಹೊಲದ ಜೋಳದ ಕೂಳೆಯಾಗಲಿ, ಬೇಸಿಗೆಯ ಕಾದ ಡಾಂಬರಾಗಲಿ ಅವನಿಗೆ ಒಂದೇ. ಗಾಯ ಹುಣ್ಣಾಗಿ, ಕೀವು ತುಂಬಿ, ಕಡೆಗೆ ಕಾಲನ್ನೇ ತೆಗೆಯಬೇಕಾಗುತ್ತದೆ. ಕಾಲಿನೊಂದಿಗೆ ಕೂಲಿಯೂ ಹೋಗುತ್ತದೆ.

ಇದನ್ನು ಕಂಡುಹಿಡಿಯಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಡ. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, 128 ಕಂಪನದ ಒಂದು ಶ್ರುತಿಕವೆ ಇದ್ದರೆ ಸಾಕು. ಇಂಥ ಶ್ರುತಿಕವೆಯನ್ನೇ ನಾವು ಶಾಲೆಯಲ್ಲಿ ಮೇಜಿಗೆ ಬಡಿದು ಹುಡುಗರಿಗೆ ನಾದದ ಪಾಠ ಹೇಳುತ್ತಿದ್ದೆವು! ರೋಗ ಗೊತ್ತಾದಂದೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಾಲು ಪರೀಕ್ಷಿಸಬೇಕೆಂಬುದು ವೈದ್ಯರೇ ಒಪ್ಪಿದ ನಿಯಮ. ಜೋಮೆಲ್ಲ ಸಕ್ಕರೆಯದೇ ಎಂದೂ ತಿಳಿಯಬಾರದು. ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುವರ್ಷ ನುಂಗಿದವರಲ್ಲಿ ಬಿ12 ಜೀವಸತ್ವ ಇಳಿದು ಇದೇ ಜೋಮು ಬರಬಹುದು. ಕುಷ್ಠವೂ ಸ್ಪರ್ಶವನ್ನು ಕೊಲ್ಲುತ್ತದೆ. ಉರಿಗೆ ಅಮಿಟ್ರಿಪ್ಟಿಲಿನ್‌ನಂಥ ಅಗ್ಗದ ಗುಳಿಗೆಯೂ ಇದೆ; ಆದರೆ ಅದು ನೋವನ್ನು ತಗ್ಗಿಸೀತು, ಸತ್ತ ಸ್ಪರ್ಶವನ್ನು ಮರಳಿ ತಾರದು. ಸಕ್ಕರೆಯನ್ನು ಹತೋಟಿಯಲ್ಲಿಟ್ಟು ಉಳಿದ ನರವನ್ನು ಕಾಯಬೇಕು, ಪಾದವನ್ನು ಕಣ್ಣಿನಿಂದ ಕಾಯಬೇಕು.

ಕುಷ್ಠದಿಂದ ಪಾದ ಮರಗಟ್ಟಿದವರಿಗೆ ಸರಕಾರ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯನ್ನು ಪುಕ್ಕಟೆ ಕೊಡುತ್ತದೆ. ಒಳ್ಳೆಯ ಕೆಲಸ. ಸಕ್ಕರೆಯಿಂದ ಪಾದ ಮರಗಟ್ಟಿದ ಕೂಲಿಕಾರನಿಗೂ ಅದೇ ಚಪ್ಪಲಿ ಸಿಗಬೇಕು. ಮುಳ್ಳಿಗೆ ರೋಗದ ಹೆಸರು ತಿಳಿಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸರಕಾರಿ ದವಾಖಾನೆಗಳಲ್ಲಿ ರೋಗಿಯ ಚೀಟಿಯ ಮೇಲೆ ರಕ್ತದ ಅಂಕಿಯ ಪಕ್ಕದಲ್ಲೇ ಕಾಲಿನ ವಿವರವನ್ನೂ ಬರೆಯಬೇಕೆಂದು ನಾವು ಒತ್ತಾಯಿಸುತ್ತೇವೆ.

ಅಲ್ಲಿಯವರೆಗೆ ಓದುಗರು ಮನೆಯಲ್ಲಿಯೇ ಒಂದು ಕೆಲಸ ಮಾಡಬಹುದು. ರೋಗಿ ಕಣ್ಣು ಮುಚ್ಚಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒತ್ತದೆ, ತಿಕ್ಕದೆ, ಒಂದೆರಡು ಕ್ಷಣ ಹಗುರಾಗಿ ಮುಟ್ಟಿರಿ. ಆರರಲ್ಲಿ ಎರಡು ತಿಳಿಯದಿದ್ದರೂ ಮರುದಿನವೇ ದವಾಖಾನೆಗೆ ಕರೆದೊಯ್ದು, ಚಪ್ಪಲಿ ಬಿಚ್ಚಿಸಿ, ಡಾಕ್ಟರರ ಮುಂದೆ ಕಾಲು ಚಾಚಿಸಿ, ‘ಇದನ್ನು ನೋಡಿರಿ’ ಎಂದು ಕೇಳಿರಿ.